ಬಿಟ್ಟೆರಾಯ

ನಮ್ಮ ಆಫೀಸಿನ ಹಿರಿಯ ಗೇಮ್ ಡೆವಲಪರ್‌ಗೆ ನಾವಿಟ್ಟ ಹೆಸರು ಬಿಟ್ಟೆರಾಯ. ಅವನು ಗೇಮ್ ಕಟ್ಟುವ ಸಾಫ್ಟ್‌ವೇರಿನ ಕಂಪನಿ ರಾತ್ರೋರಾತ್ರಿ ದರ ಏರಿಸಿದಂದಿನಿಂದ ದಿನಾ ಬೆಳಿಗ್ಗೆ, "ಇವತ್ತಿಗೆ ಬಿಟ್ಟೆ ನೋಡ್ರಪ್ಪಾ!" ಎಂದು ಸಾರಿ ಅದನ್ನು ಕಂಪ್ಯೂಟರಿನಿಂದ ಕಿತ್ತುಹಾಕುತ್ತಾನೆ, ಊಟವಾದ ಮೇಲೆ ಅರ್ಧಕ್ಕೆ ನಿಂತ ಗೇಮ್ ನೆನಪಾಗಿ ಸದ್ದಿಲ್ಲದೆ ಮತ್ತೆ ಹಾಕಿಕೊಳ್ಳುತ್ತಾನೆ. ಆ ಕಂಪನಿ ಕೊಟ್ಟ ಟೀಶರ್ಟು ಈಗ ಮೇಜು ಒರೆಸುವ ಬಟ್ಟೆ. ಕಂಪನಿ ಕ್ಷಮೆ ಕೇಳಿ ದರ ಇಳಿಸಿದಾಗಲಂತೂ ಇನ್ನೂ ಕೆಂಡವಾದ: "ಒಡೆದ ಹಾಲಿಗೆ ಸಕ್ಕರೆ ಹಾಕಿದ್ರೆ ಕೂಡ್ಕೊಳತ್ತಾ?" ಹೀಗೆ ಬೈಯುತ್ತಲೇ ಕಂಪನಿಯ ಪ್ರಶ್ನೋತ್ತರದ ಪುಟ ತೆರೆದು, ಆ ಸಾಫ್ಟ್‌ವೇರ್ ಕಲಿಯುತ್ತಿರುವ ಯಾರೋ ಗುರುತಿಲ್ಲದ ಹೊಸಬರ ತಪ್ಪುಗಳನ್ನು ಎಂದಿನಂತೆ ಪುಕ್ಕಟೆಯಾಗಿ ತಿದ್ದುತ್ತಿರುತ್ತಾನೆ. "ಇದೊಂದನ್ನ ಯಾಕಯ್ಯಾ ಬಿಡಲಿಲ್ಲ?" ಎಂದು ಒಮ್ಮೆ ರೇಗಿಸಿದೆ. ಅವನು ತಲೆಯೆತ್ತಲಿಲ್ಲ. "ಈ ಸಾಫ್ಟ್‌ವೇರನ್ನ ನಂಬಿ, ಇದನ್ನೇ ಕಲೀರಿ ಅಂತ ಈ ಪುಟದಲ್ಲಿ ಇವರಿಗೆಲ್ಲ ಹೇಳಿದ್ದು ಕಂಪನಿ ಅಲ್ಲ, ನಾನು."