ತಿರುಪು ನೋಡಿ ವಯಸ್ಸು ಹೇಳಿದ್ದು

ಸುರಪುರದ ನನ್ನ ಬೆಳ್ಳಿ ಅಂಗಡಿಗೆ ಹುಣಸಗಿ ಕಡೆಯ ಕುರಿ ಸಾಕುವ ಅಜ್ಜಿಯೊಬ್ಬಳು ತನ್ನ ತೋಳ್ಬಂದಿ ಹಿಡಿದು ಮಗನ ಜೊತೆ ಬಂದಳು. ಅದು ಹಳೇದಲ್ಲದಿದ್ದರೆ ಕರಗಿಸಿ ಹೆಂಡತಿಗೆ ಕಾಲ್ಗೆಜ್ಜೆ ಮಾಡಿಸಬೇಕೆಂದು ಮಗನ ಹಟ.

ಕೊಂಡಿಯ ತಿರುಪು ನೋಡಿ ಹೇಳಿದೆ: "ಭಾಳ ಹಳೇದಲ್ಲ ಯವ್ವಾ. ತಿರುಪು ಮಶೀನಿಂದೈತಿ."

"ತಿರುಪು ನಾನೇ ಹಾಕಿಸೀನಿ," ಅಂದಳು. "ನನ್ನ ಬಾಯಾಗಿನ ಹಲ್ಲೂ ಹೋದ ವರ್ಷ ಕಟ್ಟಿಸಿದ್ದು. ಅದನ್ನ ನೋಡಿ ನನ್ನ ವಯಸ್ಸು ಹೇಳ್ತೀಯೇನು?"

ಭೂತಗನ್ನಡಿ ತೆಗೆದು ತೋಳ್ಬಂದಿ ನೋಡಿದೆ. ಒಳಗಿನ ಅಂಚು ತೋಳಿಗೆ ಉಜ್ಜಿ ಉಜ್ಜಿ ತೆಳುವಾಗಿತ್ತು. ಅಷ್ಟು ಸವೆಯಲು ಮೂರು ತಲೆಮಾರಾದರೂ ಬೇಕೆಂದು ಮಗನಿಗೆ ಹೇಳಿದೆ.

"ಕೇಳಿದೇನು?" ಅಂದಳು ಅಜ್ಜಿ ಅವನಿಗೆ. "ಇನ್ನ ಕರಗಸೋ ಮಾತು ಎತ್ತಬ್ಯಾಡ."

ಆಸಿಡ್ ಮುಟ್ಟದೆ ಅಂಟುವಾಳದ ನೀರಲ್ಲಿ ಮೆತ್ತಗೆ ತೊಳೆದುಕೊಟ್ಟೆ. ಕೆತ್ತನೆಯ ಸಂದಿಯಲ್ಲಿ ವರ್ಷಗಳಿಂದ ಕೂತ ಕಪ್ಪನ್ನು ಹಾಗೇ ಬಿಟ್ಟೆ. ತೆಗೆದಿದ್ದರೆ ಅದಕ್ಕೂ ಏನಾದರೂ ಕೇಳುತ್ತಿದ್ದಳು.