ಶಶಿಪ್ರಭಾ ಒಡೆಸಿದ ಅಣೆಕಟ್ಟು

ಮೇಲ್ನೋಟಕ್ಕೆ ಶಶಿಪ್ರಭಾ ಅಂಥ ದೊಡ್ಡ ಗಿರಾಕಿಯೇನಲ್ಲ. ಮಾಸಿದ ಕೊಡೆ, ಹೊಸ ಚಪ್ಪಲಿ, ಬಗಲಲ್ಲಿ ಮಾರಲು ತಂದ ಬಸಳೆ ಕಟ್ಟು. ವಾಷರ್ ಕೊಳ್ಳಲು ಬಂದು ಇಡೀ ಪಂಪನ್ನೇ ಬಿಚ್ಚಿಸಿ ನೋಡುವ ಪೈಕಿ ಎಂದು ವೇಣೂರಿನ ನನ್ನ ಪಂಪಿನ ಅಂಗಡಿಯಲ್ಲಿ ಕೂತೇ ಅಂದಾಜು ಮಾಡಿದ್ದೆ. ತಪ್ಪಲಿಲ್ಲ. ಬಿಚ್ಚಿಸಿದರು, ಇಣುಕಿದರು, "ಇದು ನೀರನ್ನು ಎಳೆಯುದಾ, ದೂಡುದಾ?" ಎಂದು ಕೇಳಿದರು. ಕೊಂಡದ್ದು ವಾಷರ್ ಮಾತ್ರ.

ಅವರ ಬಸಳೆ ಚಪ್ಪರ ಹೊಳೆಯ ಬದಿಯಲ್ಲಿದೆ. ಅಲ್ಲೊಂದು ಹಳೆಯ ಕಿಂಡಿ ಅಣೆಕಟ್ಟು ಇತ್ತು. ಬೇಸಿಗೆಗೆ ಕಿಂಡಿಗಳಲ್ಲಿ ಹಲಗೆ ಇಳಿಸಿ ನೀರು ನಿಲ್ಲಿಸಬೇಕು, ಮಳೆಗೆ ಮೊದಲು ಎತ್ತಬೇಕು. ಹಲಗೆಗಳು ಉಬ್ಬಿ ಅಲ್ಲೇ ಸಿಕ್ಕಿಕೊಂಡು ವರ್ಷಗಳಾಗಿದ್ದವು. ದಾರಿ ಸಿಗದ ಹೊಳೆ ಮಳೆಗಾಲದಲ್ಲಿ ಬದಿಯ ಗದ್ದೆಗಳನ್ನು ತಿನ್ನುತ್ತಿತ್ತು. ಒಡೆಸುವ ಮಾತು ಬಂದಾಗ ಎಲ್ಲರಿಗೂ ಬಾವಿ ಬತ್ತುವ ಹೆದರಿಕೆ. ತೀರಾ ಹತ್ತಿರದ ಬಾವಿ ಶಶಿಪ್ರಭಾ ಅವರದ್ದು. ಅದು ಬತ್ತಿದರೆ ಬಸಳೆಯೂ ಇಲ್ಲ, ಸಂಪಾದನೆಯೂ ಇಲ್ಲ. "ಶಶಕ್ಕ ಒಪ್ಪಿದ್ರೆ ಒಡೆಸುವ" ಎಂದು ಊರವರು ಜಾರಿಕೊಂಡರು. ಶಶಿಪ್ರಭಾ ಒಪ್ಪಿಬಿಟ್ಟರು.

ಅವರು ಮತ್ತೆ ಅಂಗಡಿಗೆ ಬಂದಾಗ ನನಗೆ ತಡೆಯಲಾಗಲಿಲ್ಲ. "ನಿಮ್ಮ ತಲೆ ಸರಿ ಉಂಟಲ್ವಾ ಶಶಕ್ಕ?"

"ಮೊದಲ ಮಳೆಗೆ ಉಬರ್ ಮೀನು ಮೊಟ್ಟೆ ಇಡ್ಲಿಕ್ಕೆ ಹೊಳೆ ಹತ್ತಿ ನಮ್ಮ ಗದ್ದೆವರೆಗೆ ಬರ್ತಿತ್ತಂತೆ, ಅಮ್ಮ ಹೇಳ್ತಿದ್ರು. ಅಣೆಕಟ್ಟು ಆದ ಮೇಲೆ ನಿಂತಿತು. ಈಗ ಬರ್ತದಾ ನೋಡ್ಬೇಕು."

"ಮೀನು ನೋಡ್ಲಿಕ್ಕೆ ಬಾವಿ ಒಣಗಿಸುದಾ ಮಾರಾಯ್ರೆ?"

"ಹಿಂದಿನ ಹಾಗೆ ವರ್ಷ ವರ್ಷ ಹೊಳೆಗೆ ಅಡ್ಡ ಮಣ್ಣಿನ ಕಟ್ಟ ಹಾಕುವ, ಮಳೆಗೆ ಮೊದಲು ಬಿಡಿಸುವ. ಒಣಗಿದ್ರೂ ನಿಮಗೆಂತ ನಷ್ಟ? ದೊಡ್ಡ ಪಂಪು ಮಾರ್ಬಹುದಲ್ಲ."

"ಮಣ್ಣಿನ ಕಟ್ಟ ನಂಬಿ ನೀವು ಬೇಸಿಗೆ ದಾಟಿದ್ರೆ, ಮುಂದಿನ ಕಟ್ಟಕ್ಕೆ ಮಣ್ಣು ನಾನು ಹೊರ್ತೇನೆ."

"ನಿಮಗೆ ಹೊಟ್ಟೆ ಅಡ್ಡ ಬರ್ತದೆ" ಎಂದು ಈ ಸಲ ಅವರೇ ನನ್ನನ್ನು ಅಂದಾಜು ಮಾಡಿದರು.

ಮಳೆಗಾಲ ಕಳೆದ ಮೇಲೆ ಯಂತ್ರ ಬಂದು ಅಣೆಕಟ್ಟನ್ನು ಒಡೆದು ತೆಗೆಯಿತು. ಊರವರು ಕಲ್ಲು, ಮಣ್ಣು, ಸೊಪ್ಪು ಮೆಟ್ಟಿ ಕಟ್ಟ ಹಾಕಿದರು. ಏಪ್ರಿಲಿನಲ್ಲಿ ಬಾವಿಯ ತಳ ಕಾಣತೊಡಗಿತು. ಶಶಿಪ್ರಭಾ ಬಸಳೆಗೆ ಸಂಜೆಯ ನೀರು ನಿಲ್ಲಿಸಿದರು. ನಾನು ದೊಡ್ಡ ಪಂಪೊಂದರ ಧೂಳು ಒರೆಸಿಟ್ಟೆ. ಅವರು ಬರಲಿಲ್ಲ. ಪೇಟೆಗೆ ಬಸಳೆ ಮಾತ್ರ ಬರುತ್ತಲೇ ಇತ್ತು, ಎಲೆ ಸ್ವಲ್ಪ ಸಣ್ಣ.

ಬಾವಿ ಪೂರ್ತಿ ಬತ್ತಲಿಲ್ಲ; ಮೇ ಕೊನೆಗೆ ಕಟ್ಟ ಬಿಡಿಸಿದರು. ಮೊದಲ ದೊಡ್ಡ ಮಳೆಯ ಬೆಳಿಗ್ಗೆ ಶಶಿಪ್ರಭಾ ಅವರ ಫೋನ್ ಬಂತು: "ಬೇಗ ಬನ್ನಿ."

ಗದ್ದೆಯ ತೋಡಿನಲ್ಲಿ ಮೀನುಗಳು ನೀರಿಗೆ ಎದುರಾಗಿ ಹತ್ತುತ್ತಿದ್ದವು. ಊರೇ ಬಲೆ ಹಿಡಿದು ಇಳಿದಿತ್ತು. ಶಶಿಪ್ರಭಾ ಬದುವಿನಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದರು.

"ಇಷ್ಟು ವರ್ಷ ಎಲ್ಲಿವರೆಗೆ ಬಂದು ತಿರುಗಿ ಹೋಗ್ತಿದ್ದವೋ ಇವು" ಎಂದರು. ಆಮೇಲೆ ನನ್ನ ಹೊಟ್ಟೆಯ ಕಡೆ ನೋಡಿದರು.

ಡಿಸೆಂಬರಿನಲ್ಲಿ ಮತ್ತೆ ಕಟ್ಟ ಹಾಕುತ್ತಾರೆ. ಅದಕ್ಕೆ ಮಣ್ಣು ಹೊರುವುದು ನಾನು ಅವರಿಗೆ ತೀರಿಸಬೇಕಾದ ಬಾಕಿ.