ಗೋಡೆಯ ಮೇಲೆ ಮೂರು ಕೈ

ಬ್ಯಾಂಕಿನಲ್ಲಿ ನಾನು ಬಹುಕಾಲ ಮಾಡಿದ್ದು ಸಹಿ ನೋಡುವ ಕೆಲಸ. ಚೆಕ್ಕಿನ ಮೇಲಿನ ಸಹಿಯನ್ನೂ ನಮ್ಮಲ್ಲಿರುವ ಮಾದರಿಯನ್ನೂ ಅಕ್ಕಪಕ್ಕ ಇಟ್ಟುಕೊಂಡು ಎರಡೂ ಒಂದೇ ಕೈಯವೋ ಅಲ್ಲವೋ ಎಂದು ಹೇಳಬೇಕು. ಹಾಗೆ ನೋಡಿ ನೋಡಿ ಅನುಮಾನ ನನ್ನ ಸ್ವಭಾವವೇ ಆಗಿಹೋಯಿತು. ತರಕಾರಿಯವನು ತಕ್ಕಡಿ ಎತ್ತಿದರೂ ಬಗ್ಗಿ ನೋಡುತ್ತೇನೆ.

ಎರ್ನಾಕುಲಂನಿಂದ ತಿರುವನಂತಪುರಕ್ಕೆ ವರ್ಗವಾಗಿ ಶ್ರೀಕಾರ್ಯಂನಲ್ಲಿ ಮನೆ ಮಾಡಿದ ಮರುವರ್ಷ ನನ್ನ ಮೊಬೈಲಿಗೆ ಒಂದು ಜಾಹೀರಾತು ಬಂತು. ಎರ್ನಾಕುಲಂನ ಎಡಪ್ಪಳ್ಳಿಯಲ್ಲಿ ಹಿರಿಯ ಅನಿಮೇಟರ್ ಒಬ್ಬರಿಂದ ಕಾರ್ಟೂನ್ ಕ್ಲಾಸು, ಹತ್ತು ಭಾನುವಾರ. ಜೊತೆಗೊಂದು ಚಿತ್ರ. ಮೀನಿನ ಬುಟ್ಟಿ ಇಟ್ಟುಕೊಂಡು ಸ್ಕೂಟರಿನಲ್ಲಿ ಹೊರಟ ಹೆಂಗಸು, ಹಿಂದೆ ಸಾಲಾಗಿ ಬೆಕ್ಕುಗಳು, ಕೊನೆಯ ಬೆಕ್ಕು ಮಾತ್ರ ಏನೂ ಆಸೆಯಿಲ್ಲದವರಂತೆ ಬೇರೆ ಕಡೆ ನೋಡುತ್ತಿದೆ. ಧಾರವಾಡದಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಸ್ಲಿಪ್ಪುಗಳ ಹಿಂದೆ ಗಿರಾಕಿಗಳ ಮುಖ ಬರೆಯುತ್ತಿದ್ದೆ. ಆ ಬೆಕ್ಕನ್ನು ನೋಡಿ ಕೈ ತುರಿಸಿತು.

"ಈ ವಯಸ್ಸಿಗೆ ಕಾರ್ಟೂನ್ ಕಲೀಲಿಕ್ಕೆ ಹೊಂಟೀರಿ?" ಎಂದಳು ಹೆಂಡತಿ. "ಹಿರಿಯ ಅಂದ್ರ ಎಷ್ಟು ಹಿರಿಯ? ಯಾವ ಸಿನಿಮಾ ಮಾಡ್ಯಾರ? ಏನೂ ಬರದಿಲ್ಲ ಇದರಾಗ."

ಮಗಳು ಎಂದಿನಂತೆ ಮಲಯಾಳದಲ್ಲೇ ಉತ್ತರಿಸಿದಳು. "ಅಪ್ಪಾ, ಪೋಯಿ ನೋಕ್ಕ್. ಎಂದಾ ಕುಳಪ್ಪಂ?" ಹೋಗಿ ನೋಡಿದರೆ ಏನು ತೊಂದರೆ, ಎಂದು. ಹೋದೆ.

ಕನ್ನಡಕದ ಅಂಗಡಿಯೊಂದರ ಮಹಡಿಯ ಮೇಲೆ ಕ್ಲಾಸು. ಅನಿಮೇಟರ್ ಎಂದರೆ ಎಪ್ಪತ್ತು ದಾಟಿದ ಹೆಂಗಸು. ಹತ್ತಿಯ ಸೀರೆ, ತುರುಬಿನಲ್ಲಿ ಸಿಕ್ಕಿಸಿದ ಪೆನ್ಸಿಲು. ಎಲ್ಲರೂ ಅವರನ್ನು ಟೀಚರ್ ಎನ್ನುತ್ತಿದ್ದರು. ಕಲಿಯುವವರು ನಾವು ಎಂಟು ಜನ. ಮೊದಲ ಮೂರು ಭಾನುವಾರ ಅವರು ನಮ್ಮಿಂದ ಬರೆಸಿದ್ದು ಒಂದು ಅಕ್ಕಿಚೀಲವನ್ನು. ನಿಂತ ಚೀಲ, ಕೂತ ಚೀಲ, ಬೀಳುವ ಚೀಲ, ಸಿಟ್ಟು ಬಂದ ಚೀಲ. ಅವರು ಮಾತ್ರ ಒಂದು ಗೆರೆಯನ್ನೂ ಸ್ವಂತವಾಗಿ ಎಳೆಯಲಿಲ್ಲ. ನಮ್ಮ ಹಾಳೆಗಳ ಮೇಲೆ ಬಗ್ಗಿ ತಿದ್ದುವುದಷ್ಟೇ.

ಬರೆಯಲು ಬರುವವರು ಬರೆಯದೆ ಯಾಕಿರುತ್ತಾರೆ? ಈ ಪ್ರಶ್ನೆ ತಲೆಗೆ ಹೊಕ್ಕ ಮೇಲೆ ನನ್ನ ಕಣ್ಣು ಗೋಡೆಗೆ ಹೋಯಿತು. ಅಲ್ಲಿ ಕಟ್ಟು ಹಾಕಿಸಿದ ಹಳೆಯ ಚಿತ್ರಗಳಿದ್ದವು, ಮುಂಬಯಿಯ ಸ್ಟುಡಿಯೋದಲ್ಲಿ ಅವರು ಬರೆದವಂತೆ. ಮೂರನೆಯ ವಾರ ಊಟದ ಬಿಡುವಿನಲ್ಲಿ ಒಂದೊಂದನ್ನೇ ನೋಡಿದೆ. ಕೆಲವುಗಳಲ್ಲಿ ಗೆರೆ ದಪ್ಪವಾಗಿ ಶುರುವಾಗಿ ಸಣ್ಣಗಾಗುತ್ತಿತ್ತು. ಕೆಲವುಗಳಲ್ಲಿ ಕಿವಿ ಬರೆಯುವಾಗ ನಡುವೆ ಪೆನ್ಸಿಲು ಎತ್ತಿದ್ದರು. ಇನ್ನು ಕೆಲವನ್ನು ಬರೆದವರು ಎಡಗೈಯವರು. ಮೂರು ಕೈ. ಯಾರೂ ನೋಡುತ್ತಿಲ್ಲ ಎಂದುಕೊಂಡು ಫೋಟೋ ತೆಗೆದುಕೊಂಡೆ.

ಮನೆಗೆ ಬಂದು ತೋರಿಸಿದರೆ ಹೆಂಡತಿ, "ಮೋಸ ಅಂತ ಗೊತ್ತಾದ ಮ್ಯಾಲೆ ಮತ್ತ್ಯಾಕ ರೈಲು ಹತ್ತೂದು?" ಎಂದಳು.

"ಒಂದು ಮಾತು ಕೇಳೇ ಬಿಡತೀನಿ," ಎಂದೆ.

ನಾಲ್ಕನೆಯ ಭಾನುವಾರ ಎಲ್ಲರೂ ಹೋದ ಮೇಲೆ ಉಳಿದುಕೊಂಡೆ. "ಟೀಚರ್, ಗೋಡೆಯ ಮೇಲಿರುವುದರಲ್ಲಿ ನಿಮ್ಮವು ಯಾವುವು?"

"ಎಲ್ಲವೂ," ಎಂದರು. ನನ್ನ ಮುಖ ನೋಡಿ, "ಫೋಟೋ ತೆಗೆದದ್ದು ಇದಕ್ಕೇನಾ ಸಾರೇ?" ಎಂದರು.

ನನಗೆ ನಾಚಿಕೆಯಾಯಿತು. ಆದರೂ ಮೂರು ಕೈಗಳ ವಿಷಯ ಹೇಳಿದೆ. ಅವರು ಕುರ್ಚಿ ಎಳೆದುಕೊಂಡು ಕೂತು ವಿವರಿಸಿದರು. ಸ್ಟುಡಿಯೋದಲ್ಲಿ ಮೂವರು ಮುಖ್ಯ ಕಲಾವಿದರು. ಅವರು ಗೀಚಿದ ಕರಡು ಚಿತ್ರಗಳು ಇವರ ಮೇಜಿಗೆ ಬರುತ್ತಿದ್ದವು. ಅವುಗಳನ್ನು ಆಯಾ ಕಲಾವಿದನ ಕೈಯ ರೀತಿಯಲ್ಲೇ, ಒಂದೇ ಶುದ್ಧ ಗೆರೆಯಲ್ಲಿ ಮತ್ತೆ ಬರೆಯುವುದು ಇವರ ಕೆಲಸ. "ನನ್ನ ಕೈ ಕಂಡರೆ ಹಾಳೆ ವಾಪಸ್ ಬರುತ್ತಿತ್ತು. ಮೂವತ್ತು ವರ್ಷ ಕಾಣದ ಹಾಗೆ ನೋಡಿಕೊಂಡೆ."

ಇಂಥ ಒಪ್ಪವಾದ ಉತ್ತರಗಳನ್ನು ನಾನು ಕೌಂಟರಿನಲ್ಲಿ ಎಷ್ಟೋ ಕೇಳಿದ್ದೇನೆ. ನಂಬದೆ ಮತ್ತೆ ಗೋಡೆ ನೋಡಿದೆ. ಅವರು ಹಾಜರಿಯ ಹಾಳೆ ಎಳೆದುಕೊಂಡು ನನ್ನ ಸಹಿಯನ್ನು ಸ್ವಲ್ಪ ಹೊತ್ತು ದಿಟ್ಟಿಸಿದರು. ತುರುಬಿನಿಂದ ಪೆನ್ಸಿಲು ತೆಗೆದು, ಕೈ ತಡವರಿಸದೆ, ಅದರ ಕೆಳಗೆ ಅದನ್ನೇ ಬರೆದರು. ಕೊನೆಯ ಬಾಲವನ್ನು ನಾನು ಅವಸರದಲ್ಲಿ ಮೇಲಕ್ಕೆಳೆಯುವ ರೀತಿಯೂ ಅದರಲ್ಲಿತ್ತು. ಚೆಕ್ಕಿನ ಮೇಲೆ ಬಂದಿದ್ದರೆ ನಾನೇ ಪಾಸು ಮಾಡುತ್ತಿದ್ದೆ. ಒಂದು ಹೆಜ್ಜೆ ಹಿಂದೆ ಸರಿದೆ.

"ಪೇಡಿಕ್ಕೇಂಡ," ಹೆದರಬೇಡಿ, ಎಂದು ನಕ್ಕು ಅದನ್ನು ಅಳಿಸಿದರು.

ಹೆದರಿಕೆಯಲ್ಲೇ ಇನ್ನೊಂದು ಕೇಳಿಬಿಟ್ಟೆ. "ಜಾಹೀರಾತಿನ ಚಿತ್ರ? ಆ ಕೈ ಗೋಡೆಯ ಮೇಲಿಲ್ಲ."

ಅವರ ನಗು ನಿಂತಿತು. "ಅದು ನನ್ನದಲ್ಲ. ಈ ಕ್ಲಾಸಿನ ಮೊದಲ ತಂಡದಲ್ಲಿ ಕಲಿತ ಹುಡುಗಿಯದು. ಜಾಹೀರಾತು ಮಾಡಿದ ನನ್ನ ತಮ್ಮ ಅದನ್ನು ಹಾಕಿದ. ನಾನು ನೋಡಿಯೂ ಸುಮ್ಮನಿದ್ದೆ. ನನ್ನದು ಎಂದು ಹಾಕಲು ನನ್ನ ಹತ್ತಿರ ಏನಿತ್ತು ಸಾರೇ?"

ರೈಲಿನಲ್ಲಿ ಆಲಪ್ಪುಳ ದಾಟುವವರೆಗೂ ನನಗೆ ಅವರ ಮೇಲೆ ಮರುಕವೇ ಇತ್ತು. ಕೊಲ್ಲಂ ಬರುವಷ್ಟರಲ್ಲಿ ಆ ಮರುಕದ ಮೇಲೂ ಸಂಶಯ ಶುರುವಾಗಿತ್ತು. ಸೋಮವಾರ ಬ್ಯಾಂಕಿಗೆ ಹೋದವನೇ ನನ್ನ ಖಾತೆಯ ಸಹಿ ಬದಲಾಯಿಸಿದೆ. ಹೆಂಡತಿ ಸಂಜೆಯೆಲ್ಲ ನಕ್ಕಳು.

ಮುಂದಿನ ಭಾನುವಾರದೊಳಗೆ ಜಾಹೀರಾತು ಬದಲಾಗಿತ್ತು. ಬೆಕ್ಕುಗಳ ಚಿತ್ರದ ಕೆಳಗೆ ಆ ಹುಡುಗಿಯ ಹೆಸರು ಬಂದಿತ್ತು. ಅದು ನಿಜವಾದ ಹೆಸರೇ ಎಂದು ವಿಚಾರಿಸಲು ನನ್ನ ಮನಸ್ಸು ಹೇಳದೆ ಇರಲಿಲ್ಲ. ವಿಚಾರಿಸಲಿಲ್ಲ. ಕ್ಲಾಸಿಗೆ ಹೋದೆ.

ನಗಿಸುವುದನ್ನು ಅವರು ಕಡೆಯವರೆಗೂ ಕಲಿಸಲಿಲ್ಲ. ಅದು ಅವರಿಗೆ ಬರುತ್ತದೆಂದು ನನಗೆ ಈಗಲೂ ಅನ್ನಿಸುವುದಿಲ್ಲ. ಆದರೆ ಒಮ್ಮೆ ನಾನು ನಮ್ಮ ಶಾಖೆಗೆ ಬರುವ ಪಿಂಚಣಿದಾರರೊಬ್ಬರನ್ನು ಬರೆದುಕೊಂಡು ಹೋದಾಗ, "ಇವರು ತೇಲುತ್ತಿದ್ದಾರಲ್ಲ, ಭಾರ ಯಾವ ಕಾಲಿನ ಮೇಲಿದೆ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಒಂದು ವಾರ ಕೌಂಟರಿನ ಗಾಜಿನಾಚೆ ಬರುವವರ ಕಾಲುಗಳನ್ನೇ ನೋಡಿದೆ. ಆ ಮುದುಕ ಎಡಗಾಲಿನ ಮೇಲೆ ನಿಂತು ಬಲಗಾಲನ್ನು ಬರೀ ನೆಲಕ್ಕೆ ತಾಗಿಸುತ್ತಿದ್ದರು. ಹಾಗೆಯೇ ತಿದ್ದಿದೆ. ಈ ಸಲ ಮನುಷ್ಯ ನಿಂತ.

ಆ ಚಿತ್ರ ಈಗ ಶಾಖೆಯ ಊಟದ ಕೋಣೆಯಲ್ಲಿದೆ. ಅದನ್ನು ನೋಡಿ ಸಹೋದ್ಯೋಗಿಯೊಬ್ಬರು ಎರ್ನಾಕುಲಂನಲ್ಲಿ ಓದುತ್ತಿರುವ ತಮ್ಮ ಮಗಳನ್ನು ಆ ಕ್ಲಾಸಿಗೆ ಸೇರಿಸಬಹುದೇ ಎಂದು ಕೇಳಿದರು. ಸೇರಿಸಿ ಎಂದೆ. "ಆ ಟೀಚರನ್ನು ನಂಬಬಹುದಾ ಸಾರ್?" ಎಂದರು.

"ಅದನ್ನು ಇನ್ನೂ ನೋಡುತ್ತಿದ್ದೇನೆ," ಎಂದೆ.